ಸೋಮವಾರ ಬಾರದ ಸಿಳ್ಳೆ

ಆಕಾಶಕ್ಕೆ ಕಿವಿಕೊಟ್ಟು ಕೂರುವವರನ್ನು ಕಟ್ಟಿಕೊಂಡರೆ ಮನೆಯಲ್ಲಿ ನಗುವಿಗೆ ಬರವಿಲ್ಲ. ವಿಜಯಪುರದಲ್ಲಿ ಹುಟ್ಟಿದ ನಾನು ಬೀಜಾಡಿಯಲ್ಲಿ ಮುದುಕಿಯಾದೆ. ಬ್ರಹ್ಮಾವರದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಮ್ಮವರು, ಈರುಳ್ಳಿಯನ್ನೂ ಮುಟ್ಟದವರು, ನಿವೃತ್ತರಾದದ್ದೇ ಎರಡು ತೆಂಗಿನ ಮರಗಳಿಗೆ ತಂತಿ ಕಟ್ಟಿ, ಅದಕ್ಕೊಂದು ರೇಡಿಯೋ ಅಲೆ ಹಿಡಿಯುವ ಪೆಟ್ಟಿಗೆ ಜೋಡಿಸಿ, ಹೆಡ್‌ಫೋನ್ ಹಾಕಿ ಕೂತರು.

೧. ಒಗ್ಗರಣೆ

ಎಲ್ಲೋ ಮಿಂಚಿದರೆ ಬೆಳಕಿನ ಜೊತೆ ರೇಡಿಯೋ ಅಲೆಯೂ ಹುಟ್ಟುತ್ತದಂತೆ; ಪೆಟ್ಟಿಗೆಯಲ್ಲಿ ಅದು ಚಟಪಟ ಎನ್ನುತ್ತದೆ. ಆಚೆಮನೆಯಾಕೆಗೂ ಕೇಳಿಸಿದರು. ಅವಳು ಕಣ್ಣು ಮುಚ್ಚಿ ಕೇಳಿ, “ಮಾಷ್ಟ್ರೇ, ಇದ್ ಒಗ್ಗರಣಿ ಶಬ್ದ. ಇದ್ಕೆ ಆಕಾಶಕ್ಕೆ ಎಂತಕ್ ಹೋಯ್ಕ್? ನಮ್ಮನಿಗೆ ಬನ್ನಿ” ಎಂದಳು.

೨. ಕರೆಂಟು

ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆಯಲ್ಲಿ ಆಕಾಶ ಕೇಳಿಸುವುದಿಲ್ಲ. ಹಾಗಾಗಿ ಕರೆಂಟು ಹೋದರೆ ಕೇರಿಯೆಲ್ಲ ಶಪಿಸುವಾಗ ಇವರೊಬ್ಬರೇ ಹಿಗ್ಗುತ್ತಿದ್ದರು. ಲೈನ್‌ಮ್ಯಾನ್ ನಿಮ್ಮ ಶಿಷ್ಯನಂತೆ, ನೀವೇ ತೆಗೆಸುವುದಾ ಎಂದು ಜನ ಕೇಳಿಯೇಬಿಟ್ಟರು. “ಶಿಷ್ಯನೇ ಹೌದು. ನನ್ನ ಪಾಠ ಕೇಳಿದ್ದಕ್ಕೇ ಕರೆಂಟಿಗೆ ಈ ಗತಿ” ಎಂದರು.

೩. ಸಿಳ್ಳೆ

ಇವರಿಗೆ ಬೇಕಿದ್ದದ್ದು ಸಿಳ್ಳೆ. ಕೆಲವು ಮಿಂಚಿನ ಅಲೆಗಳು ಮೇಲೇರಿ, ಭೂಮಿಯ ಕಾಂತರೇಖೆ ಹಿಡಿದು ಬಾಹ್ಯಾಕಾಶದಲ್ಲಿ ಕಮಾನಿನಂತೆ ಬಳಸಿ, ಸಮಭಾಜಕ ವೃತ್ತದ ಆಚೆ ಇಳಿಯುತ್ತವೆ. ದಾರಿಯಲ್ಲಿ ಏರುದನಿ ಮುಂದೋಡುತ್ತದೆ, ತಗ್ಗುದನಿ ಹಿಂದುಳಿಯುತ್ತದೆ. ಕೇಳುವವರಿಗೆ ಅದು ಇಳಿಯುವ ಸಿಳ್ಳೆ. ನಮ್ಮ ಕಡೆ ತೀರಾ ಅಪರೂಪ. ಸಾಯುವುದರೊಳಗೆ ಒಂದಾದರೂ ಕೇಳಬೇಕೆಂಬುದು ಇವರ ಆಸೆ.

ಕೊನೆಗೂ ಕೇಳಿಸಿತು. ಮರುದಿನವೂ ಬಂತು, ಅಡಿಗೆಯ ಹೊತ್ತಿಗೇ. ಸೋಮವಾರ ಮಾತ್ರ ಇಲ್ಲ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದ ಮೇಲಂತೂ ನಿಂತೇಹೋಯಿತು. ಇವರು ಮೋಡದ ಮೇಲೆ ತಪ್ಪು ಹೊರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಸೋಮವಾರ ಆಚೆಮನೆಯಲ್ಲಿ ಮೀನಿಲ್ಲ. ಮೀನಿಲ್ಲದ ದಿನ ಮಸಾಲೆಯಿಲ್ಲ. ಮಿಕ್ಸಿಗೆ ಕಾಯಿ ಬಿದ್ದು ಅದರ ಓಟ ಕುಗ್ಗಿದಾಗ, ಮೋಟಾರಿನ ಕಿಡಿಗಳ ಸದ್ದೇ ಇವರ ತಂತಿಯಲ್ಲಿ ಇಳಿಯುವ ಸಿಳ್ಳೆಯಾಗುತ್ತಿತ್ತು. ಹಾಗೆಂದು ಹೇಳಿದ್ದಕ್ಕೆ ಇವರು ಎರಡು ದಿನ ಹೆಡ್‌ಫೋನ್ ಮುಟ್ಟಲಿಲ್ಲ.

೪. ಬಟ್ಟಲು

ಅಲ್ಲಿಂದ ಮುಂದೆ, ತಂತಿ ಚಿಂಯ್ ಎಂದರೆ ಸಾಕು, ಇವರು ಬೇಲಿಯ ಮೇಲಿಂದ ಇಣುಕಿ ಇವತ್ತು ಮೀನಾ ಎಂದು ವಿಚಾರಿಸುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ನೀಳವಾದ ಸಿಳ್ಳೆ ಇಳಿಯಿತು. ಬೇಲಿಗೆ ಓಡಿಹೋಗಿ ಮಸಾಲೆ ಅರೆದೆಯಾ ಎಂದು ಆಚೆಮನೆಯಾಕೆಯನ್ನು ಕೇಳಿದರು. ಅರೆದೆ ಎಂದಳು. ಇವರ ಮುಖ ಬಾಡಿತು. “ಕರೆಂಟಿಲ್ಲೆ ಅಲ್ದಾ ಮಾಷ್ಟ್ರೇ, ಅರೆಯೂ ಕಲ್ಲಂಗೇ ಕಡ್ದೆ. ಕೈ ಸೋತ್ ಹೋಯ್ತ್.”

ಗಡಿಬಿಡಿಯಲ್ಲಿ ಇವರಿಗೆ ಕರೆಂಟು ಹೋದದ್ದೇ ಮರೆತಿತ್ತು. ಮಿಕ್ಸಿಯೇ ಓಡಿಲ್ಲ, ಅಂದರೆ ಅದು ಆಕಾಶದ್ದೇ! ಇವರು ಅಂಗಳದಲ್ಲೇ ಕುಣಿದರು.

ಮಧ್ಯಾಹ್ನ ಅವಳು ಸೆರಗಿನಡಿ ಮುಚ್ಚಿದ ಬಟ್ಟಲು ತಂದು, ನನ್ನನ್ನು ಹಿತ್ತಿಲಿಗೆ ಕರೆದು ಪಿಸುಗುಟ್ಟಿದಳು: “ಅಕ್ಕ, ಮೀನಾ ಮೀನಾ ಅಂದ್ ದಿನಾ ಕೇಂತ್ರ್, ಪಾಪ. ನಾ ಯಾರಿಗೂ ಹೇಳುದಿಲ್ಲೆ. ಮಾಷ್ಟ್ರಿಗೆ ಕೊಡಿ.”