ನನ್ನ ಸನ್ಯಾಸ, ಆಕಿ ರೊಟ್ಟಿ

ಕೆಲಸ ಹೋದ ಗಂಡಸಿಗೆ ಎರಡು ಹುಚ್ಚು ಹಿಡೀತಾವ್ರಿ. ಒಂದು, ಅಡಿಗಿ ಮನ್ಯಾಗ ಹೋಗಿ ಬುದ್ಧಿ ಹೇಳೂದು. ಇನ್ನೊಂದು, ದೇವರನ್ನ ಹುಡುಕೂದು. ಸಣ್ಣ ಮನಷ್ಯಾರಿಗೆ ಒಂದೊಂದು ಸಾಕಾಗತೈತಿ. ನನಗ ಎರಡೂ ಒಮ್ಮೆಲೆ ಹಿಡದುವು. ನಾ ಮೊದಲಿಂದ ಯಾವುದನ್ನೂ ಸಣ್ಣದಾಗಿ ಮಾಡಿದಾಂವ ಅಲ್ಲ.

ಗಜೇಂದ್ರಗಡದ ಒಂದು ಸೀರಿ ಅಂಗಡ್ಯಾಗ ಮೂವತ್ತೆಂಟು ವರ್ಷ ಗಾದಿ ಮ್ಯಾಲ ಕುಂತು ಗಿರಾಕಿಗೋಳ ಮುಂದ ಸೀರಿ ಹಾಸಿದಾಂವ ನಾ. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರಾಗ ನನ್ನಂಗ ಸೀರಿ ತೋರಿಸಾಂವ ಇನ್ನೂ ಹುಟ್ಟಿಲ್ಲ. ನರೇಗಲ್ಲಿಂದ ಒಬ್ಬಾಕಿ ಒಂದ ಸೀರಿ ಬೇಕಂತ ಬಂದಿದ್ಲು. "ನಿನ್ನೆ ನಿಮ್ಮ ನೆಗೆಣ್ಣಿ ಬಂದು ಮೂರು ಒಯ್ದ್ಲವ್ವಾ" ಅಂದೆ. ಆಕಿ ಮೈದುನನ ಹೆಂಡತಿ ಯಾರಂತ ನನಗೇನ ಗೊತ್ತು! ಅಂದ್ರೂ ಈಕಿ ನಾಕು ಒಯ್ದ್ಲು. ಹಿಂಗ ಸುಳ್ಳು ಹೇಳೂದ ನನ್ನ ಕಸಬು, ನಗಸೂದ ನನ್ನ ಸ್ವಭಾವ. ಹ್ವಾದ ವರ್ಷ ಮಾಲಕರು ಅಂಗಡಿ ಮುಚ್ಚಿದ್ರು. ಅಲ್ಲೀಗ ಮೊಬೈಲ್ ಮಾರತಾರ. ಅದರಾಗ ಹಾಸಿ ತೋರಸೂದು ಏನೈತ್ರಿ?

ಮನ್ಯಾಗ ಕುಂತೆ. ಕುಂತ ಮ್ಯಾಲ ಬಾಯಿ ಸುಮ್ನಿರತೈತೇನು? ನನ್ನ ಹೆಂಡತಿ ಗಂಗವ್ವ ರೊಟ್ಟಿ ಬಡಿಯಾಕ ಕುಂತ್ರ ನಾ ಬಾಗಲಾಗ ನಿಂತು, "ಅಂಚು ದಪ್ಪ ಆತು ನೋಡು, ಉರಿ ಜಾಸ್ತಿ ಆತು ನೋಡು" ಅಂತಿದ್ದೆ. ಆಕಿ ರೊಟ್ಟಿ ಇನ್ನೂ ಜೋರಾಗಿ ಬಡೀತಿದ್ಲು. ಅದು ಯಾರ ಬೆನ್ನಿಗೆ ಬೀಳಬೇಕಾದ ಏಟು ಅಂತ ನನಗ ಗೊತ್ತಿತ್ತು.

ಕಾರಹುಣ್ಣಿವಿ ಮುಗದು ಎರಡ ದಿನಕ್ಕ ಆಕಿ ಒಂದು ಮೊರದ ತುಂಬ ಜ್ವಾಳ ತಂದು ಮುಂದ ಇಟ್ಲು. "ಖಾಲಿ ಕುಂತೀರಿ, ಇದನ್ನರ ಹಸನ ಮಾಡ್ರಿ" ಅಂದ್ಲು. ನನ್ನಂಥಾ ಕಲಾವಿದಗ ಹಳ್ಳು ಆರಿಸೂ ಕೆಲಸ! ಒಳಗ ಹೋದೆ. ಅಂಗಡಿ ಮುಚ್ಚೂಮುಂದ ಉಳದಿದ್ದ ಕಾವಿ ಬಣ್ಣದ್ದೊಂದು ತುಂಡು ಅರಿವಿ ಟ್ರಂಕಿನ್ಯಾಗ ಇತ್ತು. ಅದನ್ನ ಹೊತಗೊಂಡು ಬಂದು ಪಡಸಾಲ್ಯಾಗ ಪದ್ಮಾಸನ ಹಾಕಿದೆ. ಪದ್ಮಾಸನ ಅಂದ್ರ ಪೂರ್ತಿ ಅಲ್ರಿ, ಒಂದ ಕಾಲಷ್ಟು.

"ಏನಿದು?" ಅಂದ್ಲು.

"ಸನ್ಯಾಸ ತೊಗೊಂಡೀನಿ ಗಂಗಾ. ಈ ಸಂಸಾರ ಸಾಕು."

"ಖರೇನ?"

"ಖರೇ."

"ದೇವರ ಆಣಿ?"

ಅಲ್ಲಿ ನಾ ನಕ್ಕಬಿಟ್ಟಿದ್ರ ಈ ಕತಿನ ಇರ್ತಿದ್ದಿಲ್ಲ. ಆದ್ರ ಆಟ ಅಷ್ಟು ಚಲೋ ಕಟ್ಟಿತ್ತು, ಕೆಡಸಾಕ ಮನಸ್ಸಾಗಲಿಲ್ಲ. ಕಣ್ಣು ಮುಚ್ಚಿಕೊಂಡು, "ದೇವರ ಆಣಿ" ಅಂದೆ.

ಕಣ್ಣು ತೆಗಿಯೂದ್ರಾಗ ಆಕಿ ಚೀಲ ತುಂಬಿಕೊಂಡು ನಿಂತಿದ್ಲು. "ಸನ್ಯಾಸಿ ಮನ್ಯಾಗ ಹೆಂಗಸು ಇರಬಾರ್ದು. ನಿಮ್ಮ ವ್ರತ ಕೆಡಸೂ ಪಾಪ ನನಗ ಬ್ಯಾಡ. ನರಗುಂದಕ್ಕ ತಮ್ಮನ ಮನಿಗೆ ಹೋಕ್ಕೀನಿ" ಅಂದವಳ ಹೊಂಟ್ಲು. ಬಸ್ ಸ್ಟ್ಯಾಂಡಿಗೆ ಹೋಗಿ ತಿರಗಿ ಬರತಾಳ, ನನ್ನ ಹೆಂಡತಿ ಅಲ್ಲೇನು, ಆಕಿಗೂ ಒಂಚೂರು ನಾಟಕ ಬರತೈತಿ ಅಂತ ಕುಂತೆ. ಸಂಜಿ ಆತು. ಕಾಲು ಜೋಮು ಹಿಡೀತು. ಆಕಿ ಬರಲಿಲ್ಲ.

ಬಾಜೂ ಮನಿ ಶಿವಲೀಲಾ ಕಟ್ಟಿ ಮ್ಯಾಲಿಂದ ಕೇಳಿದ್ಲು, "ಕಾಕಾರ, ಕಾಕು ಎಲ್ಲಿ ಹ್ವಾದ್ರು?"

"ಪಂಚಮಿ ಹಬ್ಬಕ್ಕ ತವರಮನಿಗೆ ಹೋಗ್ಯಾಳ" ಅಂದೆ.

"ಪಂಚಮಿ ಇನ್ನೂ ತಿಂಗಳ ಮ್ಯಾಲ ಐತಲ್ರಿ!"

"ಸೀಟು ಸಿಗೂದಿಲ್ಲಂತ ಲಗೂ ಹೋಗ್ಯಾಳ" ಅಂದೆ. ಆಕಿ ನನ್ನ ಮೈಮ್ಯಾಲಿನ ಕಾವಿ ಅರಿವಿ ನೋಡಿ, ಸೆರಗು ಬಾಯಿಗೆ ಹಿಡಕೊಂಡು ಒಳಗ ಓಡಿದ್ಲು. ಮರದಿನ ಓಣಿ ತುಂಬ ಸುದ್ದಿ.

ಫೋನ್ ಮಾಡಬಹುದಿತ್ತು. ಆದ್ರ ಹಾಸ್ಯ ಮಾಡಿದಾಂವ ಮೊದಲ ಸೋತನಂದ್ರ ಮೂವತ್ತೆಂಟು ವರ್ಷದ ಹೆಸರು ಏನಾಗಬೇಕು? ನನ್ನ ಅಡಿಗಿ ನಾನ ಮಾಡಕೊಂಡೆ. ಘಡಿ ಘಡಿ ಗಿರಣಿಗೆ ಯಾರು ಹೋಗಬೇಕಂತ, ಚೀಲದಾಗಿನ ಜ್ವಾಳ ಅಷ್ಟೂ ಒಂದ ಸಲಕ್ಕ ಬೀಸಿಸಿಕೊಂಡು ಬಂದೆ. ಇಷ್ಟು ಬುದ್ಧಿ ಆಕಿಗೆ ಇಷ್ಟು ವರ್ಷ ಯಾಕ ಬರಲಿಲ್ಲಂತ ಹೆಮ್ಮಿ ಬ್ಯಾರೆ. ಮೊದಲ ನಾಕು ದಿನ ರೊಟ್ಟಿ ಸೊಟ್ಟಗಾದ್ರೂ ಆದುವು. ವಾರ ಕಳೀತಿದ್ದಂಗ ಹಂಚಿಗೆ ಹಾಕೂಮುಂದ ಹರಿಯಾಕ ಹತ್ತಿದುವು. ಅಂಗೈಯಾಗ ಎತ್ತಿದ್ರ ಅರ್ಧ ಕೈಯಾಗ, ಅರ್ಧ ಒಲಿಯಾಗ. ಶಿವಲೀಲಾ ಬಂದು ಹಿಟ್ಟು ಬೆರಳಾಗ ತಿಕ್ಕಿ ನೋಡಿ, "ಕಾಕಾರ, ಜ್ವಾಳದ ಹಿಟ್ಟು ನಾಕೈದು ದಿನಕ್ಕಾಗೂವಷ್ಟ ಬೀಸಸಬೇಕ್ರಿ. ಹಳೇದಾತಂದ್ರ ಜಿಗಿ ಹೋಗತೈತಿ, ಅಂಟೂದಿಲ್ಲ" ಅಂದ್ಲು. ಅದಕ್ಕ ಗಂಗವ್ವ ನಾಕೈದು ದಿನಕ್ಕೊಮ್ಮೆ ಡಬ್ಬಿ ಹೊತಗೊಂಡು ಗಿರಣಿಗೆ ಹೋಗತಿದ್ಲು. ನಾ ಅದನ್ನ ತಿರಗಾಡೂ ಚಟ ಅಂತ ತಿಳದಿದ್ದೆ.

ಮುಂಜಾನೆ ಎದ್ರ ಓಣ್ಯಾಗ ಎಲ್ಲಾ ಮನಿಯಿಂದ ರೊಟ್ಟಿ ಬಡಿಯೂ ಸಪ್ಪಳ. ಒಬ್ಬೊಬ್ಬರದು ಒಂದೊಂದು ತಾಳ. ಗಂಗವ್ವಂದು ಮೂರು ಏಟು, ಒಂಚೂರು ತಡದು ಮತ್ತೊಂದು. ಸಣ್ಣಾಕಿದ್ದಾಗ ಬಾವಿ ಗಾಲಿಯಾಗ ಸಿಕ್ಕು ಆಕಿ ಕಿರಿಬೆರಳು ಡೊಂಕಾಗಿತ್ತು, ಅದಕ್ಕ ಆ ತಡ. ಆ ತಡದಾಗ ನಾ ದಿನಾ ಏನರ ಒಂದು ಕೊಂಕು ಮಾತು ತುರುಕತಿದ್ದೆ. ಈಗ ಎಲ್ಲಾರ ಸಪ್ಪಳಾನೂ ಕೇಳಿ ಕೇಳಿ, ಆ ತಡ ಯಾವ ಮನಿಯಿಂದನೂ ಬರವಲ್ತು.

ಓಣ್ಯಾಗ ಸನ್ಯಾಸಿ ಅನಸಿಕೊಂಡ ಮ್ಯಾಲ ಸನ್ಯಾಸ ಮಾಡಬೇಕಾತು. ರೋಣದ ಹಾದಿಯಾಗ ಒಂದು ಸಣ್ಣ ಮಠ ಐತಿ. ದಿನಾ ಹೋಗಿ ಧ್ಯಾನಕ್ಕ ಕುಂತೆ. ಅಲ್ಲಿ ಅಜ್ಜಾರಿಗೆ, ಅಂದ್ರ ಮಠದ ಸ್ವಾಮಿಗೋಳಿಗೆ, ಮುಪ್ಪಾಗೈತಿ, ಕಿವಿ ಮಂದ, ಕಣ್ಣು ಭಾಳ ಚುರುಕು. ತಿಂಗಳ ಮ್ಯಾಲಾತು, ಶ್ರಾವಣ ಹತ್ತಿತು. ಒಂದಿನ ಅಜ್ಜಾರು ಕೇಳಿದ್ರು, "ಮನಸ್ಸು ಒಂದ ಕಡೆ ನಿಂತಿತೇನು?"

"ನಿಂತೈತ್ರಿ ಅಜ್ಜಾರ."

"ಎಲ್ಲಿ?"

ಸುಳ್ಳು ಹೇಳಾಕ ಬಾಯಿ ತೆಗದೆ, ಬರಲಿಲ್ಲ. "ನರಗುಂದದಾಗ್ರಿ. ಒಲಿ ಮುಂದ."

ಅಜ್ಜಾರು ನಗಲಿಲ್ಲ. "ಹಂಗಾರ ಧ್ಯಾನ ಸಾಕು. ಪ್ರಸಾದದ ಮನ್ಯಾಗ ರೊಟ್ಟಿ ಬುಟ್ಟಿ ಬಂದಾವ, ಹೋಗಿ ಜೋಡಿಸು" ಅಂದ್ರು. ಶ್ರಾವಣದಾಗ ಸುತ್ತ ಊರ ಹೆಣ್ಣಮಕ್ಕಳು ಮಠಕ್ಕ ಕಡಕ್ ರೊಟ್ಟಿ ಮಾಡಿ ಕಳಸ್ತಾರ. ಬುಟ್ಟಿಗಟ್ಟಲೆ ಬರ್ತಾವ. ಹತ್ತು ಹತ್ತು ಎತ್ತಿ ಜೋಡಸಾಕತ್ತಿದ್ದೆ. ಒಂದು ಬುಟ್ಟಿಗೆ ಕೈ ಹಾಕಿದೆ, ಕೈ ಅಲ್ಲೇ ನಿಂತಿತು. ರೊಟ್ಟಿ ಅಂಚಿನ ಸುತ್ತ ಸಣ್ಣ ಸಣ್ಣ ತಗ್ಗು. ಡೊಂಕ ಕಿರಿಬೆರಳು ಒತ್ತಿದ ಗುರುತು. "ಈ ಬುಟ್ಟಿ ಎಲ್ಲೀದು?" ಅಂತ ಕೇಳಿದೆ. ನರಗುಂದದ್ದು ಅಂದ್ರು. ಅಂಚು ಎಷ್ಟು ತೆಳ್ಳಗಿತ್ತ್ರೀ! ಅದನ್ನ ದಪ್ಪ ಅಂದಿದ್ದೆ ನಾ.

ಮರದಿನ ಮುಂಜಾನೆ ನಾನ ಬಡದ ಎರಡು ರೊಟ್ಟಿ ಕಾವಿ ಅರಿವ್ಯಾಗ ಕಟ್ಟಿಕೊಂಡು ಬಸ್ ಹತ್ತಿದೆ. ನರಗುಂದ ಮುಟ್ಟೂದ್ರಾಗ ಎರಡರದೂ ಪುಡಿ ಆಗಿತ್ತು. ಆಕಿ ತಮ್ಮ ಬಾಗಲಾಗ, "ಬರ್ರಿ ಮಾವಾರ" ಅಂದ. ಒಳಗಿಂದ ಮೂರು ಏಟು, ಒಂಚೂರು ತಡ, ಮತ್ತೊಂದು. ಆ ತಡದಾಗ ಈ ಸಲ ನಾ ಏನೂ ಅನ್ನಲಿಲ್ಲ.

ಆಕಿ ತಿರಗಿ ನೋಡದ, "ಯಾವ ಮಠದ ಸ್ವಾಮಿಗೋಳು ಬಂದಾರ?" ಅಂದ್ಲು.

ಗಂಟು ಬಿಚ್ಚಿ ಮುಂದಿಟ್ಟೆ. ಒಂದು ಚೂರು ಬಾಯಾಗ ಹಾಕಿಕೊಂಡ್ಲು. "ಹಿಟ್ಟು ಹಳೇದು. ಯಾವಾಗ ಬೀಸಿದ್ದು?"

"ನೀ ಹ್ವಾದ ಮರದಿನ."

ಆಕಿ ಕೈ ನಿಂತಿತು. "ಇಷ್ಟು ದಿನ ಇದನ್ನ ತಿಂದ್ರಿ?"

"ದೇವರ ಆಣಿ ಗಂಗಾ."

"ನಿಮ್ಮ ದೇವರ ಆಣಿ ನೋಡೀನಿ ಬಿಡ್ರಿ" ಅಂದ್ಲು. ಅಂದ್ರೂ ತಾಟಿನ್ಯಾಗ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ಮುಂದ ಸರಿಸಿದ್ಲು. "ಮನಿಗೆ ಹೋಗೂಣು ನಡಿ" ಅಂದೆ. "ಶ್ರಾವಣ ಮುಗಿಯೂ ತನಕ ಮಠಕ್ಕ ರೊಟ್ಟಿ ಕಳಸ್ತೀನಂತ ಬೇಡಿಕೊಂಡೀನಿ. ಆಮ್ಯಾಲ ನೋಡೂಣು" ಅಂದ್ಲು.

"ಏನಂತ ಬೇಡಿಕೊಂಡಿ?"

ಆಕಿ ರೊಟ್ಟಿ ಬಡಿಯಾಕ ಹತ್ತಿದ್ಲು. ಆಕಿ ತಮ್ಮ ಬಾಗಲಾಗ ನಿಂತು ನಕ್ಕ. "ಮಾವಾರಿಗೆ ಸನ್ಯಾಸ ಕೈಗೂಡಬಾರ್ದಂತ್ರಿ."

ಒಬ್ಬಾವನ ತಿರಗಿ ಬಂದೆ. ಈಗ ನಾಕು ದಿನಕ್ಕಾಗೂವಷ್ಟ ಹಿಟ್ಟು ಬೀಸಿಸ್ತೀನಿ. ಕಾವಿ ಅರಿವಿ ರೊಟ್ಟಿ ಮುಚ್ಚಾಕ ಆಗೈತಿ. ಶ್ರಾವಣದ್ದು ಇನ್ನೊಂದ ಸೋಮವಾರ ಉಳದೈತಿ. ನರಗುಂದದ ಬಸ್ಸು ಬಂದಾಗೊಮ್ಮೆ ಕಟ್ಟಿಗೆ ಬಂದು ನಿಂದ್ರತೀನಿ, ಶಿವಲೀಲಾ ಕೇಳಿದ್ರ ಗಾಳಿಗೆ ಬಂದೀನಿ ಅಂತೀನಿ. ನನಗಿರೂದು ಒಂದ ಅಂಜಿಕಿ ನೋಡ್ರಿ. ಆಕಿ ಬಂದು ಹೊಸ್ತಿಲದಾಗ ನಿಂತು, "ಸನ್ಯಾಸ ಖರೇ ಬಿಟ್ರೇನು?" ಅಂತ ಕೇಳತಾಳ. ನಾ "ಖರೇ" ಅಂತೀನಿ. ಜೀವಮಾನದಾಗ ಒಂದ ಸಲ ಖರೇ ಹೇಳಾಕ ಹೊಂಟೀನಿ, ನನ್ನ ಗುರ್ತು ಇದ್ದವರು ಯಾರು ನಂಬಬೇಕ್ರಿ?