ಕೆಳಗಿನ ಓಣಿಯ ಮೀಸೆ

ಗವಿಸಿದ್ದಪ್ಪ ಬಾಯಿ ಮುಕ್ಕಳಿಸಿದ್ದೇ ತಪ್ಪಾಯಿತು. ಮುಕ್ಕಳಿಸುವುದೇನು ಅಪರಾಧವಲ್ಲ, ಊರಿಗೆ ಊರೇ ಮುಕ್ಕಳಿಸುತ್ತದೆ. ಆದರೆ ಈತ ದಿನಾ ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ನಿಂತು, ದಮ್ಮಿಗೆ ಕೊಟ್ಟ ಕಂದು ಬಣ್ಣದ ಪಂಪನ್ನು ಬಾಯಿಗಿಟ್ಟು ಸುಯ್ ಎಂದು ಎಳೆದು, ಉಸಿರು ಹಿಡಿದು, ಆಮೇಲೆ ಚರಿಗೆಯ ನೀರಿನಿಂದ ಇಡೀ ಕೆಳಗಿನ ಓಣಿಗೆ ಕೇಳುವ ಹಾಗೆ ಗಳಗಳ ಎಂದು ಗಂಟಲು ತೊಳೆಯುತ್ತಿದ್ದ. ನಾಗರಪಂಚಮಿಯ ದಿನ ಬೆಳಿಗ್ಗೆ ಎದುರು ಮನೆಯ ಶರಣಬಸಪ್ಪನಿಗೆ ಆ ಸದ್ದನ್ನು ವಿಚಾರಿಸಬೇಕು ಅನ್ನಿಸಿತು. ಸೊಸೈಟಿಯ ನೌಕರಿಯಿಂದ ನಿವೃತ್ತನಾದ ಮೇಲೆ ಅವನಿಗೆ ಊರವರ ಕೆಲಸವೇ ಕೆಲಸ. ನೇರ ಬಂದವನೇ ಪಂಪನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದ.

"ಎಳಕೊಂಡ ಮ್ಯಾಲೆ ಬಾಯಿ ಯಾಕ ತೊಳಿತಿ? ಇದರಾಗ ಏನರ ವಿಷ ಐತೇನು?"

"ವಿಷ ಅಲ್ಲ ಕಾಕಾ, ಸ್ಟಿರಾಯ್ಡ್. ಗಂಟಲದಾಗ ಉಳದ್ರ ಹುಣ್ಣ ಆಗ್ತಾವ ಅಂತ ಡಾಕ್ಟರಮ್ಮ ಹೇಳ್ಯಾರ."

ಪಾಪ, ಖರೆ ಹೇಳಿದ. ಇಂಥ ಓಣಿಯಲ್ಲಿ ಖರೆ ಹೇಳುವವನಿಗೆ ಬುದ್ಧಿ ಎಲ್ಲಿಂದ ಬರಬೇಕು? ಗಂಗಾವತಿಯಲ್ಲಿ ಜಿಮ್ ಇಟ್ಟುಕೊಂಡಿದ್ದ ದುರಗೇಶ ಅದೇ ಹೊತ್ತಿಗೆ ಬೈಕಿನ ಮೇಲೆ ಆ ಕಡೆ ಹೊರಟಿದ್ದ. ಸ್ಟಿರಾಯ್ಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೈಕು ನಿಲ್ಲಿಸಿ ಇಳಿದ. ಮೈ ಬೆಳೆಸುವವರೆಲ್ಲ ಕದ್ದುಮುಚ್ಚಿ ತಗೊಳ್ಳುವ ಮಾಲು ಅದು, ನಾಲ್ಕು ದಿನದಲ್ಲಿ ರಟ್ಟೆ ತೊಡೆಯಷ್ಟು ದಪ್ಪ ಆಗುತ್ತದೆ ಎಂದು ವಿವರಿಸಿದ. ಇಂಥಾದ್ದನ್ನು ಗವಿಸಿದ್ದಪ್ಪ ಎರಡು ಹೊತ್ತು ಎಳೆಯುತ್ತಾನೆ ಎಂದರೆ ಈತನೊಳಗೆ ಎಷ್ಟು ಶಕ್ತಿ ಕೂಡಿಬಿದ್ದಿರಬೇಕು ಎಂದು ಶರಣಬಸಪ್ಪ ಲೆಕ್ಕ ಹಾಕಿದ.

ಬೇರೆ ದಿನವಾಗಿದ್ದರೆ ಈ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಪಂಚಮಿಯ ದಿನವಾದ್ದರಿಂದ ಮುಗಿಯಲಿಲ್ಲ. ಆ ಊರಲ್ಲಿ ಪಂಚಮಿ ಎಂದರೆ ಉಂಡಿ, ಜೋಳದ ಅಳ್ಳು, ಜೋಕಾಲಿ ಇಷ್ಟೇ ಅಲ್ಲ. ಮೇಲಿನ ಓಣಿಗೂ ಕೆಳಗಿನ ಓಣಿಗೂ ಶರತ್ತು ಬೀಳಲೇಬೇಕು. ಭತ್ತ ತುಂಬಿದ ಚೀಲವನ್ನು ಬೆನ್ನ ಮೇಲೆ ಹೊತ್ತು ಹನುಮಪ್ಪನ ಕಟ್ಟೆಯಿಂದ ಹಳೆಯ ಬಾವಿಯ ತನಕ ನಡೆಯಬೇಕು. ಸೋತವನ ಮೀಸೆಯನ್ನು ಅಲ್ಲೇ, ಎಲ್ಲರ ಮುಂದೆ, ಕಟಿಂಗ್ ಅಂಗಡಿಯ ಈರಪ್ಪ ಬೋಳಿಸುತ್ತಾನೆ. ಹೋದ ವರ್ಷ ಸೋತ ಕೆಳಗಿನ ಓಣಿಯವನು ಗಿಣಿಗೇರಿಯ ಕಾರ್ಖಾನೆಗೆ ಕೆಲಸಕ್ಕೆ ಹೋದವನು ಇನ್ನೂ ಊರ ಕಡೆ ಮುಖ ಹಾಕಿರಲಿಲ್ಲ. ಈ ವರ್ಷ ಮೇಲಿನ ಓಣಿಯಿಂದ ಅಕ್ಕಿ ಗಿರಣಿಯ ಹಮಾಲ ವಿರುಪಣ್ಣ ನಿಂತಿದ್ದ. ಅವನೆದುರು ನಿಲ್ಲುವ ಗಂಡಸು ಕೆಳಗಿನ ಓಣಿಯಲ್ಲಿ ಆ ಬೆಳಗಿನ ತನಕ ಸಿಕ್ಕಿರಲಿಲ್ಲ.

ಈಗ ಸಿಕ್ಕ.

ಗವಿಸಿದ್ದಪ್ಪನನ್ನು ನೋಡಿದವರಿಗೆ ಇದು ನಗೆಯ ಮಾತು. ಅದೇ ಗಿರಣಿಯಲ್ಲಿ ಕೂತು ಚೀಲಗಳ ತೂಕ ಬರೆಯುವವನು. ಒಂದು ಚೀಲವನ್ನೂ ಎತ್ತಿದವನಲ್ಲ. ಅಂಗಿ ಹಾಕಿದರೆ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿತ್ತು. ಮೈಯಲ್ಲಿ ದಪ್ಪ ಎಂದು ಹೇಳಿಕೊಳ್ಳುವಂಥದ್ದು ಮೀಸೆಯೊಂದೇ. ಹೆಣ್ಣು ನೋಡಲು ಬಂದಾಗ ಮೊದಲು ಮೀಸೆ ಒಳಗೆ ಬಂತು, ಹಿಂದಿನಿಂದ ಇವರು ಬಂದರು ಎಂದು ಹೆಂಡತಿ ಮಲ್ಲೇಶ್ವರಿ ಇವತ್ತಿಗೂ ಹೇಳುತ್ತಾಳೆ. ಅದಕ್ಕೆ ಎಣ್ಣೆ ಹಚ್ಚಿ ತೀಡಿ ಕನ್ನಡಿ ನೋಡಿಕೊಳ್ಳದೆ ಅವನು ಚಹಾ ಸಹ ಕುಡಿಯುತ್ತಿರಲಿಲ್ಲ. ಗಿರಣಿಯ ಧೂಳಿಗೆ ದಮ್ಮು ಹತ್ತಿ ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದವನು, ಗಂಗಾವತಿಯ ಡಾಕ್ಟರ್ ಅನುಸೂಯಾ ಕೊಟ್ಟ ಪಂಪಿನಿಂದ ಈಚೆಗಷ್ಟೇ ಸುಖವಾಗಿ ಉಸಿರಾಡುತ್ತಿದ್ದ.

ಅವನು ಬಿಡಿಸಿ ಬಿಡಿಸಿ ಹೇಳಿದ. ದಮ್ಮು ಇದ್ದವರ ಉಸಿರಿನ ನಳಿಗೆ ಒಳಗಿಂದೊಳಗೆ ಬಾವು ಬಂದಿರುತ್ತದೆ. ಕಂದು ಪಂಪು ಆ ಬಾವನ್ನು ನಿಧಾನಕ್ಕೆ ಇಳಿಸುತ್ತದೆ, ಅದಕ್ಕೇ ಆರಾಮಿದ್ದಾಗಲೂ ದಿನಾ ಎಳೆಯಬೇಕು. ಜೇಬಿನಲ್ಲಿ ಇಟ್ಟುಕೊಂಡಿರುವ ನೀಲಿ ಪಂಪು ಬೇರೆ. ದಮ್ಮು ಎದ್ದಾಗ ಮುಚ್ಚಿಕೊಂಡ ನಳಿಗೆಯನ್ನು ಗಡಾನೆ ತೆರೆಯುತ್ತದೆ, ಬಾವನ್ನು ಮುಟ್ಟುವುದಿಲ್ಲ. ಎರಡರಲ್ಲಿ ಯಾವುದೂ ರಟ್ಟೆಯ ಹತ್ತಿರ ಸುಳಿಯುವುದಿಲ್ಲ. ಶರಣಬಸಪ್ಪ ಎಲ್ಲವನ್ನೂ ತಲೆದೂಗಿ ಕೇಳಿದ.

"ಎದಿಯಾಗಿನ ಬಾವು ಇಳೀತೈತಿ ಅಂದಿ. ಇಳದದ್ದು ಎಲ್ಲಿಗೆ ಹೋಗ್ತೈತಿ? ರಟ್ಟಿಗೇ ಬರಬೇಕಲಾ."

ಪಕ್ಕದ ಮನೆಯ ಮುದುಕಮ್ಮ ಬಂದು ಅವನ ರಟ್ಟೆ ಹಿಚುಕಿ ನೋಡಿದಳು. ಎಲುಬು ಬಿಟ್ಟು ಮತ್ತೇನೂ ಕೈಗೆ ಸಿಗಲಿಲ್ಲ. ಶಕ್ತಿ ಮೊದಲು ಎಲುಬಿಗೆ ಹಿಡಿಯುತ್ತದೆ, ಮಾಂಸಕ್ಕೆ ಆಮೇಲೆ ಬರುತ್ತದೆ ಎಂದು ತೀರ್ಪು ಕೊಟ್ಟು, ಶೇಂಗಾದ ಉಂಡಿ ಒಂದರ ಮೇಲೊಂದು ಅವನ ಬಾಯಿಗೆ ತುರುಕಿದಳು. ಬಾಯಿ ತುಂಬಿದ್ದರಿಂದ ಒಲ್ಲೆ ಎನ್ನಲು ಆಗಲಿಲ್ಲ. ಅಷ್ಟರಲ್ಲಿ ಶರಣಬಸಪ್ಪ ಮೇಲಿನ ಓಣಿಗೆ ಹೋಗಿ ಹೆಸರು ಕೊಟ್ಟೂ ಬಂದಿದ್ದ.

ಮಲ್ಲೇಶ್ವರಿ ಮೊದಲು ಓಣಿಯವರನ್ನು ಬೈದಳು, ಆಮೇಲೆ ಗಂಡನನ್ನು. ಕೇಳಿದವರಿಗೆಲ್ಲ ಔಷಧದ ಹೆಸರು ಯಾಕೆ ಹೇಳಬೇಕಿತ್ತು ಎಂಬುದು ಅವಳ ತಕರಾರು. ಕೊನೆಗೆ, ಹಬ್ಬಕ್ಕೆ ಕುಷ್ಟಗಿಯ ತಂಗಿಯ ಮನೆಗೆ ಹೋಗಿಬಿಡ್ರಿ ಎಂದು ಚೀಲ ಹಾಕಿಕೊಟ್ಟು ಹಿತ್ತಲ ಬಾಗಿಲಿನಿಂದ ಸಾಗಹಾಕಿದಳು. ಗವಿಸಿದ್ದಪ್ಪ ಹೊಲದ ಬದುವಿನ ಮೇಲೆ ಹಾದು, ಬಸ್ ನಿಲ್ಲುವ ಜಾಗಕ್ಕೆ ಬಂದು, ಬಸ್ಸನ್ನೂ ಹತ್ತಿದ. ಕಿಟಕಿಯ ಸೀಟು ಸಹ ಸಿಕ್ಕಿತು. ಅದೇ ಬಸ್ಸಿಗೆ ಮುಂದಿನ ಬಾಗಿಲಿನಿಂದ ದುರಗೇಶ ಓಣಿಯ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಹತ್ತಿದ. ಓಡಿಹೋಗುವವನನ್ನು ಹಿಡಿದು ತರುವ ಹಾಗೆ ತರಲಿಲ್ಲ ಅವರು. ಕೊರಳಿಗೆ ಮಾಲೆ ಹಾಕಿ ಕರೆದುಕೊಂಡು ಬಂದರು. ಮಾಲೆ ಹಾಕಿಸಿಕೊಂಡವನಿಗೆ ಓಡಲು ಬರುವುದಿಲ್ಲ.

ಮಧ್ಯಾಹ್ನ ಊಟದ ಹೊತ್ತು ಇಳಿದ ಮೇಲೆ ಹನುಮಪ್ಪನ ಕಟ್ಟೆಯ ಮುಂದೆ ಎರಡೂ ಓಣಿ ಕೂಡಿದವು. ಚೀಲ ನಡುವೆ ಕೂತಿತ್ತು. ಪಕ್ಕದಲ್ಲಿ ಈರಪ್ಪ ಡಬ್ಬಿ ತೆಗೆದು ಕತ್ತಿ ಮಸೆಯುತ್ತಿದ್ದ. ಗವಿಸಿದ್ದಪ್ಪನಿಗೆ ಚೀಲಕ್ಕಿಂತ ಆ ಮಸೆಯುವ ಸದ್ದೇ ಹೆಚ್ಚು ಕೇಳಿಸಿತು.

ಅಷ್ಟರಲ್ಲಿ ಮೇಲಿನ ಓಣಿಯ ಹಿರಿಯ ಸಣ್ಣಪ್ಪ ಮಾಸ್ತರ ಎದ್ದು ನಿಂತು ತಕರಾರು ತೆಗೆದರು. ಸ್ಟಿರಾಯ್ಡ್ ತಗೊಂಡು ಓಡಿದವರನ್ನು ದೊಡ್ಡ ದೊಡ್ಡ ಪಂದ್ಯಗಳಿಂದ ಹೊರಗೆ ಹಾಕಿದ್ದನ್ನು ಅವರು ಪೇಪರಿನಲ್ಲಿ ಓದಿದ್ದರು. ಶಕ್ತಿಯ ಔಷಧ ಎಳೆದು ಬಂದವನ ಜೊತೆ ನಮ್ಮ ಹುಡುಗ ಚೀಲ ಹೊರುವುದು ನ್ಯಾಯವೇ ಎಂದು ಕೇಳಿದರು. ಗವಿಸಿದ್ದಪ್ಪನಿಗೆ ಹನುಮಪ್ಪನೇ ಮಾಸ್ತರರ ಬಾಯಲ್ಲಿ ಬಂದು ಮಾತಾಡಿದಂತಾಯಿತು.

"ಖರೇ ಐತ್ರಿ ಮಾಸ್ತರ. ನಂದು ತಪ್ಪು. ನನ್ನ ತಗದುಬಿಡ್ರಿ."

ತೆಗೆಯಲು ಮಾಸ್ತರರದು ಅಡ್ಡಿಯಿರಲಿಲ್ಲ. ಹೊರಗೆ ಹಾಕಿಸಿಕೊಂಡವನು ಸೋತ ಹಾಗೆ ಎಂದರು, ಈರಪ್ಪ ಸೋಪಿನ ನೊರೆ ಎಬ್ಬಿಸಿಕೊಂಡು ಎದ್ದೇಬಿಟ್ಟ. ಗವಿಸಿದ್ದಪ್ಪ ಕಟ್ಟೆಯ ಹಿಂದೆ ಸರಿದು, ಡಾಕ್ಟರಿಗೆ ಫೋನು ಹಚ್ಚಿ ಕೇಳ್ರಿ, ನಂದು ಅಂಥಾ ಸ್ಟಿರಾಯ್ಡ್ ಅಲ್ಲವೇ ಅಲ್ಲ ಎಂದು ಗೋಗರೆದ. ಶರಣಬಸಪ್ಪ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟ.

"ಹೆಸರು ಒಂದೇ, ಜಾತಿ ಬ್ಯಾರೆ ರಿ" ಎಂದರು ಡಾಕ್ಟರ್ ಅನುಸೂಯಾ. "ಇದು ಉಸಿರಿನ ನಳಿಗಿ ಬಾವು ಇಳಸೂದು. ಮೈ ಬೆಳಸಂಗಿಲ್ಲ, ಶಕ್ತಿ ಕೊಡಂಗಿಲ್ಲ. ಅದೂ ಪಂಪಿನ್ಯಾಗ ಒಂದು ಚೂರು ಇರತೈತಿ, ಸೀದಾ ನಳಿಗಿಗೆ ಹೋಗ್ತೈತಿ. ಯಾಕ, ಅವರ ಕಡಿಂದ ಏನ ಮಾಡಸಾಕ ಹತ್ತೀರಿ?"

ಕೊನೆಯ ಪ್ರಶ್ನೆ ಬಂದ ಕೂಡಲೇ ಶರಣಬಸಪ್ಪ ಫೋನು ಕಟ್ ಮಾಡಿದ. ಎರಡೂ ಓಣಿಗೆ ಸಂತೋಷವಾಯಿತು. ಔಷಧದಲ್ಲಿ ಶಕ್ತಿ ಇಲ್ಲ ಎಂದು ಮೇಲಿನ ಓಣಿಗೆ, ತಮ್ಮವನನ್ನು ಹೊರಗೆ ಹಾಕುವಂತಿಲ್ಲ ಎಂದು ಕೆಳಗಿನ ಓಣಿಗೆ. ಸಂತೋಷ ಇಲ್ಲದವನು ಒಬ್ಬನೇ ಇದ್ದ.

ಮೊದಲು ವಿರುಪಣ್ಣನ ಸರದಿ. ಅಂಗಿ ಬಿಚ್ಚಿ, ತೊಡೆ ತಟ್ಟಿ, ಬೆನ್ನು ಬಾಗಿಸಿ ನಿಂತ. ನಾಲ್ಕು ಜನ ಚೀಲ ಎತ್ತಿ ಅವನ ಮೇಲೆ ಹಾಕುವಾಗ ಬಾಯಿಯ ಹೊಲಿಗೆ ಸಡಿಲಾಗಿ ಭತ್ತದ ಧೂಳು ಮುಖದ ತುಂಬ ಸುರಿಯಿತು. ಒಮ್ಮೆ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಆಮೇಲೆ ಕೆಮ್ಮು ನಿಲ್ಲಲೇ ಇಲ್ಲ. ಚೀಲ ಇಳಿಸಿ ಅವನನ್ನು ಕಟ್ಟೆಗೆ ಕೂರಿಸಿದರು. ಒಬ್ಬ ನೀರು ತಂದ, ಒಬ್ಬ ಟವೆಲಿನಿಂದ ಗಾಳಿ ಬೀಸಿದ, ಮುದುಕಮ್ಮ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು.

ಇತ್ತ ಹಿರಿಯರು ಕೂಡಿ ಮಾತಾಡಿದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ವಿರುಪಣ್ಣ ಏಳದಿದ್ದರೆ ಶರತ್ತು ಸಮ ಸಮ. ಗವಿಸಿದ್ದಪ್ಪನೂ ಹೊರಬೇಕಿಲ್ಲ, ಯಾರ ಮೀಸೆಗೂ ಕೈ ಹಚ್ಚುವಂತಿಲ್ಲ. ಇದನ್ನು ಕೇಳಿ ಗವಿಸಿದ್ದಪ್ಪನ ಕೈ ತಾನಾಗೇ ಮೀಸೆಯ ಮೇಲೆ ಹೋಯಿತು. ಜೀವ ತಣ್ಣಗಾಯಿತು.

ಆಗ ಅವನಿಗೆ ಆ ಸದ್ದು ಕೇಳಿಸಿತು. ವಿರುಪಣ್ಣನ ಎದೆಯೊಳಗಿಂದ ಸುಂಯ್ ಸುಂಯ್ ಎಂದು ಸಣ್ಣಗೆ ಸೀಟಿ ಬರುತ್ತಿತ್ತು. ಮೊಣಕಾಲಿಗೆ ಕೈ ಊರಿ, ಹೆಗಲು ಎತ್ತಿ ಎತ್ತಿ ಗಾಳಿ ಹುಡುಕುತ್ತಿದ್ದ. ಒಂದು ಮಾತು ಪೂರಾ ಬಾಯಿಂದ ಬರುತ್ತಿರಲಿಲ್ಲ. ಆ ಸೀಟಿ ಎಂಥಾದ್ದು ಎಂದು ಆ ಗುಂಪಿನಲ್ಲಿ ಗವಿಸಿದ್ದಪ್ಪನೊಬ್ಬನಿಗೇ ಗೊತ್ತು. ಎಷ್ಟು ಸಲ ಅದೇ ಸೀಟಿ ಕೇಳುತ್ತ, ಇದೇ ಕೊನೆ ಎಂದುಕೊಂಡು ಕೂತಿದ್ದನೋ. ಕೈ ಮೀಸೆಯಿಂದ ಇಳಿದು ಅಂಗಿಯ ಜೇಬಿಗೆ ಹೋಯಿತು. ಶರಣಬಸಪ್ಪ ಅದನ್ನು ಕಂಡು ಮಣಿಕಟ್ಟು ಹಿಡಿದ.

"ಹುಚ್ಚ ಹಿಡದೈತೇನ ನಿನಗ? ಸ್ವಲ್ಪ ತಡಿ, ಮೀಸಿ ಉಳೀತೈತಿ."

"ಮೀಸಿ ಮತ್ತ ಬರತೈತಿ ಕಾಕಾ. ಕೈ ಬಿಡು."

ನೀಲಿ ಪಂಪನ್ನು ಕುಲುಕಿ ವಿರುಪಣ್ಣನ ಬಾಯಿಗಿಟ್ಟ. ಉಸಿರು ಪೂರಾ ಹೊರಗೆ ಬಿಡು, ಈಗ ಒಳಗೆ ಎಳಿ, ಹಿಡಿ ಎಂದು ಮಗುವಿಗೆ ಕಲಿಸುವ ಹಾಗೆ ಕಲಿಸಿದ. ತುಸು ಬಿಟ್ಟು ಮತ್ತೆ ಕೊಟ್ಟ. ನೋಡನೋಡುತ್ತ ಸೀಟಿ ಇಳಿಯಿತು, ಹೆಗಲು ಇಳಿದವು, ಮುಖಕ್ಕೆ ಕಳೆ ಬಂತು. ಯಪ್ಪಾ, ಉಳಿಸಿದಿ ಎಂದು ವಿರುಪಣ್ಣ ಅವನ ಎರಡೂ ಕೈ ಹಿಡಿದುಕೊಂಡ.

"ಇದು ಬಾಗಲಾ ತಗದೈತಿ ಅಷ್ಟ" ಎಂದ ಗವಿಸಿದ್ದಪ್ಪ. "ಒಳಗಿನ ಬಾವು ಹಂಗ ಐತಿ. ಚೀಲ ಮುಟ್ಟಬ್ಯಾಡ. ನಡಿ, ಈಗ ಗಂಗಾವತಿಗೆ ಹೋಗಿ ಡಾಕ್ಟರಮ್ಮಗ ತೋರಸೂಣು."

ಹೇಳಿದ್ದು ಖರೆ ಕಾಳಜಿಯಿಂದಲೇ. ಅದರೊಳಗೆ ಮೀಸೆಯ ಕಾಳಜಿಯೂ ಒಂದಿಷ್ಟು ಇತ್ತು ಎಂದರೆ ತಪ್ಪೇನಲ್ಲ. ಆದರೆ ಊರಿನ ಮುಂದೆ ಉಳ್ಳಾಗಡ್ಡಿ ಮೂಸಿಸಿಕೊಂಡು ಕೂತ ಹಮಾಲನಿಗೆ ಆ ಮಾತು ಎಲ್ಲಿ ಹಿಡಿಸೀತು? ವಿರುಪಣ್ಣ ಸ್ವಲ್ಪ ಹೊತ್ತು ಚೀಲವನ್ನೇ ದಿಟ್ಟಿಸಿದ. ಮೂಗು ಬಾಯಿಗೆ ಟವೆಲು ಬಿಗಿದ. ಎದ್ದ. ಚೀಲ ಹೊತ್ತ. ಹಬ್ಬದ ಸಂತೆ ಮುಗಿಸಿ ಮನೆಗೆ ಹೋಗುವವನ ಹಾಗೆ ಬಾವಿಯ ತನಕ ನಡೆದು ಇಳಿಸಿದ. ಮೇಲಿನ ಓಣಿ ಹಲಗೆ ಬಾರಿಸಿತು.

ಗವಿಸಿದ್ದಪ್ಪನ ಸರದಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಚೀಲ ಕೂತಲ್ಲೇ ಕೂತಿತ್ತು, ಅವನು ಮಾತ್ರ ಅದರ ಸುತ್ತ ತಿರುಗಿದ. ಈರಪ್ಪ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಟವೆಲು ಸುತ್ತಿ, ನೊರೆ ಹಚ್ಚಿ, ಎಡಗಡೆಯಿಂದ ಶುರು ಮಾಡಿದ. ಮಲ್ಲೇಶ್ವರಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಮೂಗಿನ ಕೆಳಗಿನ ತನಕ ಕತ್ತಿ ಬರುವಷ್ಟರಲ್ಲಿ ಶರಣಬಸಪ್ಪ ಜನರನ್ನು ಸರಿಸಿಕೊಂಡು ಬಂದು ಈರಪ್ಪನ ಕೈ ಹಿಡಿದ.

ಅವನಿಗೆ ಒಂದು ಹೊಳೆದಿತ್ತು. ಡಾಕ್ಟರು ಶಕ್ತಿ ಇಲ್ಲ ಎಂದದ್ದು ಕಂದು ಪಂಪಿಗೆ, ನೀಲಿಯ ಬಗ್ಗೆ ಏನೂ ಹೇಳಿಲ್ಲ. ನೀಲಿ ಎಳೆಯುವ ಮೊದಲು ವಿರುಪಣ್ಣನಿಗೆ ಕೂರಲಿಕ್ಕೂ ಆಗುತ್ತಿರಲಿಲ್ಲ. ಎಳೆದ ಮೇಲೆ ತುಂಬಿದ ಚೀಲ ಹೊತ್ತು ಬಾವಿಗೆ ಹೋದ. ಇಡೀ ಊರೇ ಕಣ್ಣಾರೆ ನೋಡಿದೆ. ಇದು ಶಕ್ತಿಯ ಔಷಧ ಅಲ್ಲದಿದ್ದರೆ ಮತ್ತೇನು? ಮಾಸ್ತರರು ತಾವೇ ತೆಗೆದ ತಕರಾರಿನಲ್ಲಿ ತಾವೇ ಸಿಕ್ಕಿಬಿದ್ದರು. ಅಲ್ಲ, ಅದು ಬರೇ ನಳಿಗೆ ತೆರೆಯುವುದು ಎಂದು ಗವಿಸಿದ್ದಪ್ಪ ನೊರೆಯೊಳಗಿಂದ ಹೇಳಲು ನೋಡಿದ, ಕತ್ತಿ ತುಟಿಯ ಮೇಲಿತ್ತು. ಕೊನೆಗೆ ವಿರುಪಣ್ಣನೇ ಎದ್ದು ನಿಂತು, ಆ ನೀಲಿ ಪಂಪು ಇಲ್ಲದಿದ್ದರೆ ನಾನು ಚೀಲ ಹೊರುತ್ತಲೇ ಇರಲಿಲ್ಲ ಎಂದು ಹನುಮಪ್ಪನ ಆಣೆ ಮಾಡಿ ಹೇಳಿದ. ಉಪಕಾರ ನೆನೆಯುವ ಮನುಷ್ಯ.

ಅಲ್ಲಿಗೆ ಗೆಲುವು ರದ್ದಾಯಿತು. ಮಹಾನವಮಿಗೆ ಇವರಿಬ್ಬರೇ ಮತ್ತೆ ಹೊರಬೇಕು ಎಂದು ತೀರ್ಮಾನವಾಯಿತು. ಕೆಳಗಿನ ಓಣಿ ಗವಿಸಿದ್ದಪ್ಪನನ್ನು ಹೆಗಲ ಮೇಲೆ ಎತ್ತಿ ಕುಣಿಸಿತು. ಅವನಿಗೂ ಹಿಗ್ಗು ತಡೆಯಲಿಲ್ಲ. ಮೀಸೆ ತಿರುವಲು ಹೋದ. ಬಲಗೈಗೆ ಸಿಕ್ಕಿತು, ಎಡಗೈಗೆ ಸಿಗಲಿಲ್ಲ. ಕೆಳಗೆ ಇಳಿದವನೇ ಈರಪ್ಪನ ಮುಂದೆ ಕೂತು, ಉಳಿದದ್ದನ್ನೂ ತೆಗೆದುಬಿಡು ಮಾರಾಯಾ ಎಂದು ಮುಖ ಒಡ್ಡಿದ. ಸೋಲದವನ ಮೀಸೆಗೆ ಕತ್ತಿ ಹಚ್ಚಿದ ಕೆಟ್ಟ ಹೆಸರು ತನಗೆ ಬೇಡ ಎಂದು ಈರಪ್ಪ ಕತ್ತಿ ಮಡಚಿದ.

"ಇನ್ನ ಅದು ನಿನ್ನ ಮೀಸಿ ಅಲ್ಲಪಾ, ಕೆಳಗಿನ ಓಣಿ ಮೀಸಿ" ಎಂದ ಶರಣಬಸಪ್ಪ. "ಮಹಾನವಮಿ ತನಕ ಅದಕ್ಕ ಕತ್ತರಿ ಹಚ್ಚಿದ್ರ ನಾವು ಸೋತಂಗ."

ಹಾಗಾದರೆ ಎಡಗಡೆಯದನ್ನಾದರೂ ಬೆಳೆಸಿಕೊಳ್ಳುತ್ತೇನೆ, ಅಷ್ಟರೊಳಗೆ ಎರಡೂ ಸಮ ಆಗುತ್ತವೆ ಎಂದ ಗವಿಸಿದ್ದಪ್ಪ, ಅಳುವ ದನಿಯಲ್ಲಿ. ಇದಕ್ಕೆ ಸಣ್ಣಪ್ಪ ಮಾಸ್ತರರು ಒಪ್ಪಲಿಲ್ಲ. ಶರತ್ತು ಎಲ್ಲಿಗೆ ನಿಂತಿದೆಯೋ ಮೀಸೆಯೂ ಅಲ್ಲಿಗೇ ನಿಲ್ಲಬೇಕು, ಬೋಳಿಸಿದ ಕಡೆ ಒಂದು ಕೂದಲು ಬಂದರೂ ಮೇಲಿನ ಓಣಿಗೆ ಅವಮಾನ ಎಂದರು. ಕೆಳಗಿನ ಓಣಿಯವರು ಒಬ್ಬರ ಮುಖ ಒಬ್ಬರು ನೋಡಿ, ಇದು ನ್ಯಾಯದ ಮಾತು ಎಂದು ತಲೆಯಾಡಿಸಿದರು. ಎರಡೂ ಓಣಿ ಒಂದು ಮಾತಿಗೆ ಬಂದದ್ದು ಆ ಊರಿನಲ್ಲಿ ಅದೇ ಮೊದಲು. ಈರಪ್ಪ ಡಬ್ಬಿ ಎತ್ತಿಕೊಂಡು, ಎಡಗಡೆ ಬೋಳಿಸಲು ಸೋಮವಾರಕ್ಕೊಮ್ಮೆ ಮನೆಗೇ ಬರುತ್ತೇನೆ ಎಂದು ಮಲ್ಲೇಶ್ವರಿಗೆ ಹೇಳಿ ಹೊರಟ.