ನಾಲ್ಕು ಬೆರಳು ಬಿಸಿಲು

ದೋಣಿ ಹೊರಡುವುದು ಹನ್ನೊಂದಕ್ಕೆ. ಒಂಬತ್ತೂವರೆಗೆ ಮಗಳು ದರ್ಜಿಯಣ್ಣನ ಚೀಲಕ್ಕೆ ಕೈಹಾಕಿ ಗುಲಾಬಿ ಬಣ್ಣದ ಟ್ಯೂಬೊಂದನ್ನು ಹೊರಗೆಳೆದಳು. ಸತ್ತ ಇಲಿಯ ಬಾಲ ಹಿಡಿದವಳಂತೆ ಎರಡೇ ಬೆರಳಲ್ಲಿ ಎತ್ತಿ, "ಅಪ್ಪಾ, ಏನಿದು?" ಎಂದಳು.

"ಸನ್‌ಸ್ಕ್ರೀನು ಕಣೇ. ನನ್ನ ಬೋಳು ತಲೆ ನೋಡಿದ್ದೀಯಲ್ಲ, ಬಿಸಿಲು ಬಿದ್ರೆ ಕಾವಲಿ ಥರ ಕಾಯುತ್ತೆ."

"ಇದರಲ್ಲಿ ಆಕ್ಸಿಬೆಂಝೋನ್ ಇದೆ. ಹವಳಕ್ಕೆ ಕೆಟ್ಟದ್ದು. ಇದನ್ನ ಬಳಕೊಂಡು ನೀನು ನೀರಿಗಿಳಿದ್ರೆ ನಾನು ಇಳಿಯೋದೇ ಇಲ್ಲ."

ಸಮುದ್ರದೊಳಗಿನ ಹವಳ ತೋರಿಸುತ್ತೇನೆಂದು ಅವನು ಮಾತು ಕೊಟ್ಟು ಮೂರು ವರ್ಷವಾಗಿತ್ತು. ಪ್ರತಿ ಸಲವೂ ಯಾರದೋ ಮದುವೆಯ ಬಟ್ಟೆ ಅಡ್ಡ ಬರುತ್ತಿತ್ತು. ಅವಳೋ ಬಚ್ಚಲಮನೆಯ ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಉಸಿರು ಹಿಡಿಯುವುದನ್ನು ಕಲಿತು ಕಾದಿದ್ದಳು. ಈ ಸಲವೂ ತಪ್ಪಿದರೆ ಅವಳು ಇನ್ನು ತನ್ನ ಯಾವ ಮಾತನ್ನೂ ನಂಬುವುದಿಲ್ಲವೆಂದು ದರ್ಜಿಯಣ್ಣನಿಗೆ ಗೊತ್ತಿತ್ತು. ಈ ದಿನಕ್ಕೆಂದೇ ಹೊಸ ಚಡ್ಡಿ ಬೇರೆ ಹೊಲಿದುಕೊಂಡಿದ್ದ. ಕಿತ್ತಳೆ ಬಣ್ಣ, ನೀಲಿ ಗೆರೆ. ಏಜೆಂಟನೊಬ್ಬ ತಂದುಕೊಟ್ಟ ಇಪ್ಪತ್ತು ಅಂಗಿಯ ಕೆಲಸದಲ್ಲಿ ಉಳಿಸಿದ ಬಟ್ಟೆ. ಎಲ್ಲಿ, ಎಷ್ಟು ಉಳಿಸಿದ ಎನ್ನುವುದು ಅವನ ಕತ್ತರಿಗೆ ಮಾತ್ರ ಗೊತ್ತು.

ಔಷಧಿ ಅಂಗಡಿಗೆ ಓಡುವಾಗ ಪಕ್ಕದ ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಗೇಟಿನಲ್ಲೇ ಹಿಡಿದರು. ವಿಷಯ ಕೇಳಿದ್ದೇ ತಡ, ಒಳಗಿನಿಂದ ಭೂತಗನ್ನಡಿ ತಂದು ಜೊತೆಗೆ ಹೊರಟೇಬಿಟ್ಟರು.

ಅಂಗಡಿಯವನು ನೀಲಿ ಟ್ಯೂಬೊಂದನ್ನು ಮುಂದಿಟ್ಟ. "ತಗೊಳ್ಳಣ್ಣಾ, ಸಮುದ್ರಸ್ನೇಹಿ. ಮೀನಿನ ಚಿತ್ರಾನೂ ಇದೆ ನೋಡು."

ಮೇಷ್ಟ್ರು ಟ್ಯೂಬನ್ನು ತಿರುಗಿಸಿ ಭೂತಗನ್ನಡಿ ಹಿಡಿದರು. "ಚಿತ್ರ ಯಾರು ಬೇಕಾದ್ರೂ ಹಾಕ್ತಾರೆ. ಹಿಂದೆ ಓದಯ್ಯಾ. ಆಕ್ಟಿನಾಕ್ಸೇಟ್! ಅದೂ ಹವಳಕ್ಕೆ ವಿಷವೇ. ಅಲ್ಲಯ್ಯಾ ದರ್ಜಿ, ಅಂಗಿ ಕೊಳ್ಳುವಾಗ ಬರೀ ಮುಂಭಾಗ ನೋಡ್ತೀಯೇನು? ಒಳಹೊಲಿಗೆ ನೋಡಲ್ವಾ?"

"ನೋಡ್ತೀನಿ ಮೇಷ್ಟ್ರೇ. ಆದ್ರೆ ಅಂಗಿ ಹಿಂದೆ ಇಷ್ಟು ಸಣ್ಣಕ್ಷರ ಇರಲ್ಲ."

ಕೆಮ್ಮಿನ ಔಷಧಿಗೆ ಕಾಯುತ್ತಿದ್ದ ಹೆಂಗಸೊಬ್ಬರು ನಡುವೆ ಬಾಯಿಹಾಕಿದರು. "ಜಿಂಕ್ ಇರೋದು ತಗೊಳ್ಳಿ ಅಂತಾರಪ್ಪಾ. ಸ್ಪ್ರೇ ಬೇಡ, ಗಾಳಿಗೆ ಹಾರಿ ಮರಳಿಗೆ ಬೀಳುತ್ತೆ. ಮೊದಲು ನನ್ನ ಔಷಧಿ ಕೊಡ್ತೀರಾ?"

ಹುಡುಕಿದಾಗ ಧೂಳು ಹಿಡಿದ ಜಿಂಕ್ ಕ್ರೀಮಿನ ಟ್ಯೂಬು ಒಂದೇ ಒಂದು ಸಿಕ್ಕಿತು. ಮೇಷ್ಟ್ರು ಎರಡು ಸಲ ಓದಿ ಪಾಸು ಮಾಡಿದರು. ಆಗಲೇ ಹತ್ತೂವರೆ. ಹೊಸ ಚಡ್ಡಿ ತೊಟ್ಟು ಮಗಳೊಂದಿಗೆ ಹೊರಟ ದರ್ಜಿಯಣ್ಣ ಓಡುವ ಆಟೋದಲ್ಲೇ ಕೈಕಾಲಿಗೆಲ್ಲ ಮೆತ್ತಿಕೊಂಡ. ಅದು ಕ್ರೀಮೋ ಗೋಡೆಯ ಸುಣ್ಣವೋ! ಒರೆಸಿದಷ್ಟೂ ಬೆಳ್ಳಗಾಗುತ್ತಿತ್ತು. ಮೊಣಕಾಲಿಗೆ ಬರುವಷ್ಟರಲ್ಲಿ ಅರ್ಧ ಖಾಲಿ, ಮೂಗಿಗೆ ಬರುವಷ್ಟರಲ್ಲಿ ಪೂರ್ತಿ ಖಾಲಿ. ತಲೆಯ ನೆನಪಾದದ್ದು ಆಮೇಲೆ.

"ಅಪ್ಪಾ, ನೀನು ಪೇಂಟ್ ಆರದ ಗೋಡೆ ಥರ ಇದ್ದೀಯಾ" ಎಂದು ಮಗಳು ನಕ್ಕಳು. ಬೆಳಗಿನಿಂದ ಮೊದಲ ಸಲ ನಕ್ಕಿದ್ದಳು. ದರ್ಜಿಯಣ್ಣನ ಎದೆ, ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

ದೋಣಿಯ ಒಡತಿಯನ್ನು ಎಲ್ಲರೂ ದೋಣಿಯಕ್ಕ ಎನ್ನುತ್ತಿದ್ದರು. ದೋಣಿ ಹವಳದ ಹತ್ತಿರ ನಿಂತ ಮೇಲೆ ಅವಳು ಇವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟೊಂದು ಯಾಕಣ್ಣಾ ಬಳಕೊಂಡ್ರಿ? ನಮ್ಮಲ್ಲಿ ಎಲ್ಲರಿಗೂ ತುಂಬುತೋಳಿನ ಅಂಗಿ ಕೊಡ್ತೀವಿ. ಮೈ ಮುಚ್ಚಿದ್ರೆ ಕ್ರೀಮು ಅಷ್ಟು ಬೇಕಾಗಲ್ಲ, ಹವಳಾನೂ ಬದುಕುತ್ತೆ. ಅಂತಾನೇ ಹೋದ ತಿಂಗಳು ಇಪ್ಪತ್ತು ಹೊಲಿಸಿದ್ದು." ಹಾಗೆಂದವಳೇ ಹಲ್ಲು ಕಡಿದಳು. "ಹೊಲಿದ ಮಹಾನುಭಾವ ಯಾರೋ, ಕೈಗೆ ಸಿಗಲಿ. ಪ್ರತಿ ತೋಳೂ ನಾಲ್ಕು ಬೆರಳು ಗಿಡ್ಡ! ಬಂದವರೆಲ್ಲ ಆ ನಾಲ್ಕು ಬೆರಳಿಗೆ ಹಾಳುಮೂಳು ಕ್ರೀಮು ಬಳಕೊಂಡು ನೀರಿಗಿಳೀತಾರೆ."

ಅಂಗಿಯನ್ನು ಬಿಡಿಸಿ ತೋರಿಸಿದಳು. ಕಿತ್ತಳೆ ಬಣ್ಣ, ನೀಲಿ ಗೆರೆ.

ದರ್ಜಿಯಣ್ಣ ಎರಡೂ ಕೈ ಮಡಿಲಿಗೆ ತಂದುಕೊಂಡ. ಚಡ್ಡಿ ದೊಡ್ಡದು, ಕೈ ಚಿಕ್ಕದು.

"ಅಪ್ಪಾ!" ಮಗಳ ದನಿ ದೋಣಿಯ ಆ ತುದಿಗೂ ಕೇಳಿಸಿತು. "ಅಂಗಿ ನಿನ್ನ ಚಡ್ಡಿ ಥರಾನೇ ಇದೆ!"

ಹನ್ನೆರಡು ಜನ ಪ್ರಯಾಣಿಕರು ಅಂಗಿ ನೋಡಿದರು, ಚಡ್ಡಿ ನೋಡಿದರು. ದೋಣಿಯಕ್ಕ ಏನೂ ಬೈಯಲಿಲ್ಲ. ಒಂದು ಟವೆಲ್ಲು ತಂದುಕೊಟ್ಟಳು, ಅಷ್ಟೇ.

"ಕತ್ತರಿ ನನ್ನ ಹತ್ರ ಇದೆ. ಸೂಜಿದಾರ ನಿಮ್ಮ ಹತ್ರ ಇದ್ದೇ ಇರುತ್ತೆ, ಅಲ್ವಾ ಅಣ್ಣಾ?"

ಇತ್ತು. ಯಾವ ದರ್ಜಿ ಸೂಜಿ ಬಿಟ್ಟು ಮನೆಯಿಂದ ಹೊರಡುತ್ತಾನೆ?

ಎಲ್ಲರೂ ನೀರಿಗಿಳಿದರು. ದರ್ಜಿಯಣ್ಣ ಟವೆಲ್ಲು ಸುತ್ತಿಕೊಂಡು ಕೂತು, ಚಡ್ಡಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಉಳಿದಿದ್ದ ಅಂಗಿಗಳ ತೋಳಿಗೆ ಜೋಡಿಸತೊಡಗಿದ. ಮಗಳು ನೀರಿನಿಂದ ತಲೆ ಎತ್ತಿ, "ಅಪ್ಪಾ, ಬಾ! ಹಳದಿ ಮೀನು, ಗುಂಪುಗುಂಪು!" ಎಂದು ಕೂಗಿದಳು. ಟವೆಲ್ಲಿನಲ್ಲಿ ಹೇಗೆ ಇಳಿಯುವುದು?

ನೆತ್ತಿ ಕಾಯುತ್ತಿತ್ತು. "ಅಕ್ಕಾ, ತಲೆಗೆ ಚೂರು ಕ್ರೀಮು ಸಿಗುತ್ತಾ?"

ಅವಳು ಯಾರಿಂದಲೋ ಕಸಿದಿಟ್ಟಿದ್ದ ಟ್ಯೂಬು ನೀಡಿದಳು. ಗುಲಾಬಿ ಬಣ್ಣದ್ದೇ. "ಹೇಗಿದ್ರೂ ನೀವು ನೀರಿಗಿಳಿಯಲ್ಲ, ಹಚ್ಕೊಳ್ಳಿ."

"ಹಚ್ಕೊಂಡ್ರೆ ಮನೇಲೂ ಸ್ನಾನ ಇಲ್ಲ!" ನೀರಿನಿಂದ ಮಗಳ ದನಿ ಬಂತು. "ಬಚ್ಚಲ ನೀರೂ ಇಲ್ಲಿಗೇ ಬರೋದು!"

ದರ್ಜಿಯಣ್ಣ ಬಿರಡೆ ಮುಚ್ಚಿ ಟ್ಯೂಬು ಹಿಂದಿರುಗಿಸಿದ. ಆಮೇಲೆ ಇನ್ನೂ ಕೈಹಚ್ಚದ ಅಂಗಿಯೊಂದನ್ನು ತಲೆಯ ಮೇಲೆ ಹೊದ್ದು, ಗಾಳಿಗೆ ಹಾರದಿರಲೆಂದು ಎರಡೂ ತೋಳುಗಳನ್ನು ಗಲ್ಲದ ಕೆಳಗೆ ಗಂಟು ಹಾಕಲು ನೋಡಿದ.

ನಾಲ್ಕು ಬೆರಳು ಸಾಲಲಿಲ್ಲ.